ಓದುಗರ ಪ್ರಶ್ನೆ: ಹುಲ್ಲು, ದಂಟಿಂದ ಎಥನಾಲ್ ತೆಗೆಯೋದು ಯಾಕಷ್ಟು ಕಷ್ಟ?

ಹೋದ ಸಂಚಿಕೇಲಿ ಇದೇ ಅಂಕಣದಲ್ಲಿ, ಗದ್ದೇಲಿ ಹುಲ್ಲು ಸುಡೋ ಬದ್ಲು ಅದ್ರಿಂದ ಇಂಧನ ಮಾಡ್ಬೋದು ಅಂತ ಎರಡು ಸಾಲು ಬರೆದಿದ್ವಿ. ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜ್ ನೋಡಿ ಈ ಸಲ ಪೂರ್ತಿ ಜಾಗ ಇದಕ್ಕೇ ಬಿಟ್ಟಿದೀವಿ. ಸುಮಾರು ಜನ ಸುತ್ತಿ ಬಳಸಿ ಕೇಳಿರೋದು ಒಂದೇ ವಿಷಯ: ಹುದುಗು ಬರಿಸೋಕೆ ಮುಂಚೆ ಹುಲ್ಲನ್ನ ಹದ ಮಾಡ್ಬೇಕು, ಪ್ರೀಟ್ರೀಟ್‌ಮೆಂಟ್ ಆಗ್ಬೇಕು ಅಂತಾರಲ್ಲ, ಅದು ಏನು, ನಮ್ಮ ಕೈಲಿ ಆಗುತ್ತಾ?

ಪ್ರಶ್ನೆ: ಸಕ್ಕರೆ ಫ್ಯಾಕ್ಟರಿಯೋರು ಕಾಕಂಬಿಯಿಂದ ಎಥನಾಲ್ ಮಾಡ್ತಾರೆ, ಈಗ ಮೆಕ್ಕೆಜೋಳದ ಕಾಳಿಂದಾನೂ ಮಾಡ್ತಿದಾರೆ. ಕಾಳು ಬಿಡಿಸಿದ ಮೇಲೆ ಹೊಲದಲ್ಲಿ ಬಿದ್ದಿರೋ ದಂಟಿಂದ ಮಾಡೋಕೆ ಯಾಕೆ ಇಷ್ಟು ವರ್ಷ ಬೇಕಾಯ್ತು? ನಮ್ಮ ಕಡೆ ಅಂಥ ಫ್ಯಾಕ್ಟರಿ ಬರುತ್ತೆ ಅಂತ ಕೇಳ್ತಾನೇ ಇದೀವಿ. (ಹರಿಹರ ತಾಲೂಕಿನ ರೈತರೊಬ್ಬರು)

ಉತ್ತರ: ಕಾಕಂಬಿಲಿ ಸಕ್ಕರೆ ಸಕ್ಕರೆಯಾಗೇ ಇರುತ್ತೆ, ನೀರು ಬೆರೆಸಿ ಯೀಸ್ಟ್ ಹಾಕಿದ್ರೆ ಕೆಲಸ ಶುರು. ಕಾಳಲ್ಲಿ ಇರೋದು ಪಿಷ್ಟ, ಅದನ್ನ ಬೇಯಿಸಿದ್ರೆ ಅರಳುತ್ತೆ, ಸ್ವಲ್ಪ ಎಂಜೈಮ್, ಅಂದ್ರೆ ಕಿಣ್ವ, ಹಾಕಿದ್ರೆ ಒಡೆದು ಸಕ್ಕರೆ ಆಗುತ್ತೆ. ದಂಟಲ್ಲೂ ಇರೋದು ಅದೇ ಗ್ಲೂಕೋಸೇ, ಆದ್ರೆ ಅದು ಸೆಲ್ಯುಲೋಸ್ ಅನ್ನೋ ಉದ್ದುದ್ದ ಎಳೆಗಳಾಗಿ, ಒಂದರ ಪಕ್ಕ ಒಂದು ಒತ್ತಾಗಿ ಕೂತು, ನೀರೂ ಸರಿಯಾಗಿ ಒಳಗೆ ಹೋಗದಷ್ಟು ಬಿಗಿಯಾಗಿರುತ್ತೆ. ಅದರ ಸುತ್ತ ಹೆಮಿಸೆಲ್ಯುಲೋಸ್ ಅನ್ನೋ ಇನ್ನೊಂದು ಜಾತಿ ಸಕ್ಕರೆಯ ಎಳೆ, ಅದನ್ನೆಲ್ಲ ಕಚ್ಚಿ ಹಿಡ್ಕೊಂಡು ಲಿಗ್ನಿನ್ ಅನ್ನೋ ಅಂಟಿನಂಥ ಗಟ್ಟಿ ಪದಾರ್ಥ. ಗಿಡ ನೆಟ್ಟಗೆ ನಿಲ್ಲೋದು, ಮಳೆ ಗಾಳಿ ತಡ್ಕೊಳೋದು, ಬೇಗ ಕೊಳೀದೇ ಇರೋದು ಎಲ್ಲ ಈ ಲಿಗ್ನಿನ್ ಇರೋದ್ರಿಂದ್ಲೇ. ಮೆಕ್ಕೆಜೋಳದ ದಂಟಲ್ಲಿ ಒಣ ತೂಕದ ಲೆಕ್ಕಕ್ಕೆ ನೂರರಲ್ಲಿ 35ರಿಂದ 40 ಭಾಗ ಸೆಲ್ಯುಲೋಸ್, 20-25 ಭಾಗ ಹೆಮಿಸೆಲ್ಯುಲೋಸ್, 15-20 ಭಾಗ ಲಿಗ್ನಿನ್ ಇರುತ್ತೆ. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಸಕ್ಕರೇನೇ, ಆದ್ರೆ ಕೈಗೆ ಸಿಗಲ್ಲ.

ಎಂಜೈಮ್ ಕೆಲಸ ಮಾಡ್ಬೇಕಂದ್ರೆ ಅದು ಸೆಲ್ಯುಲೋಸ್ ಎಳೇನ ಮುಟ್ಬೇಕು. ಹಸಿ ದಂಟನ್ನೋ ಒಣ ಹುಲ್ಲನ್ನೋ ಬರೀ ಪುಡಿ ಮಾಡಿ ಎಂಜೈಮ್ ಹಾಕಿದ್ರೆ ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲು ಸಕ್ಕರೇನೂ ಹೊರಗೆ ಬರಲ್ಲ. ಹದ ಮಾಡಿದ ಮೇಲೆ ಅದೇ ಹುಲ್ಲಿಂದ ಐದರಲ್ಲಿ ನಾಲ್ಕು ಪಾಲು ಬರುತ್ತೆ. ವ್ಯತ್ಯಾಸ ಅಷ್ಟಿದೆ, ಅದಕ್ಕೇ ಈ ಒಂದು ಹಂತದ ಮೇಲೆ ಇಡೀ ಫ್ಯಾಕ್ಟರಿಯ ಲಾಭ ನಷ್ಟ ನಿಂತಿರೋದು.

ವಿದ್ಯೆ ಹೊಸದೇನಲ್ಲ. 1819ರಲ್ಲೇ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಅನ್ನೋ ರಸಾಯನ ವಿಜ್ಞಾನಿ ಹಳೇ ಬಟ್ಟೆ ಚಿಂದಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಸಕ್ಕರೆ ತೆಗೆದು ತೋರಿಸಿದ್ರು. 1910ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಮರದ ಹೊಟ್ಟಿಂದ ಆಲ್ಕೋಹಾಲ್ ತೆಗೆಯೋ ಫ್ಯಾಕ್ಟರೀನೇ ಇತ್ತು. ನಿಂತುಹೋಗಿದ್ದು ದುಡ್ಡಿನ ಲೆಕ್ಕದಲ್ಲಿ.

ನಮ್ಮ ದೇಶದ ಲೆಕ್ಕ ನೋಡಿ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನವರ ಘಟಕ 2022ರ ಆಗಸ್ಟ್ 10ಕ್ಕೆ ಉದ್ಘಾಟನೆ ಆಯ್ತು, ಖರ್ಚು 900 ಕೋಟಿಗೂ ಮೇಲೆ. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲು ತಗೊಂಡು 3 ಕೋಟಿ ಲೀಟರ್ ಎಥನಾಲ್ ಮಾಡೋದು ಅದರ ಗುರಿ. ಭಾಗ ಮಾಡಿದ್ರೆ ಟನ್ನಿಗೆ 150 ಲೀಟರ್ ಆಯ್ತು. ಕಾಗದದ ಮೇಲೆ ಲೆಕ್ಕ ಹಾಕಿದ್ರೆ ಒಂದು ಟನ್ ಒಣ ಹುಲ್ಲಿನ ಸೆಲ್ಯುಲೋಸ್ ಒಂದರಿಂದಾನೇ ಹತ್ರ ಹತ್ರ 250 ಲೀಟರ್ ಬರ್ಬೇಕು, ಹೆಮಿಸೆಲ್ಯುಲೋಸ್ ಸೇರಿಸಿದ್ರೆ ಇನ್ನೂ ಜಾಸ್ತಿ. ಕಮ್ಮಿಯಾಗಿದ್ದು ಎಲ್ಲಿ ಹೋಯ್ತು ಅಂದ್ರೆ ಸ್ವಲ್ಪ ತೇವ, ಸ್ವಲ್ಪ ಮಣ್ಣು, ಉಳಿದಿದ್ದು ಹದ ಮಾಡೋವಾಗ ಹಾಳಾಗೋ ಸಕ್ಕರೆ, ಒಡೀದೇ ಉಳಿಯೋ ಎಳೆ. ಇಂಥ ಘಟಕಗಳಿಗೆ ನೆರವು ಕೊಡೋಕೆ 2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿ-ವನ್ ಯೋಜನೆಲಿ ನಿಮ್ಮ ದಾವಣಗೆರೆ ಜಿಲ್ಲೆಗೂ ಮಂಗಳೂರಿನ ತೈಲ ಕಂಪನಿ ಎಂಆರ್‌ಪಿಎಲ್ ಹೆಸರಲ್ಲಿ ಇಂಥದ್ದೊಂದು ಘಟಕದ ಪ್ರಸ್ತಾಪ ಇತ್ತು, ನೀವು ಕೇಳ್ತಿರೋ ಸುದ್ದಿ ಅದೇ ಇರ್ಬೇಕು.

ಪ್ರಶ್ನೆ: ನಾನು ಕೆಮಿಕಲ್ ಇಂಜಿನಿಯರಿಂಗ್ ಓದ್ತಿದೀನಿ, ಪ್ರಾಜೆಕ್ಟಿಗೆ ಈ ವಿಷಯ ತಗೊಂಡಿದೀನಿ. ಆಸಿಡ್, ಸ್ಟೀಮ್, ಕಾಸ್ಟಿಕ್, ಅಮೋನಿಯ, ಇದ್ರಲ್ಲಿ ಯಾವುದು ಬೆಸ್ಟ್ ಅಂತ ಒಂದೇ ಮಾತಲ್ಲಿ ಹೇಳಿ ಸರ್. (ಹುಬ್ಬಳ್ಳಿಯ ವಿದ್ಯಾರ್ಥಿನಿ)

ಉತ್ತರ: ಒಂದೇ ಮಾತಲ್ಲಿ ಹೇಳಿದ್ರೆ ನಿನ್ನ ದಾರಿ ತಪ್ಪಿಸಿದಂಗಾಗುತ್ತಮ್ಮ. ಯಾವ ಕಸ, ಅದರಿಂದ ಕೊನೆಗೆ ಏನು ಮಾಡ್ಬೇಕು, ಉಳಿದ ನೀರನ್ನ ಎಲ್ಲಿ ಬಿಡ್ತೀಯ, ಈ ಮೂರು ಗೊತ್ತಾಗದೆ ಬೆಸ್ಟ್ ಯಾವುದು ಅಂತ ಹೇಳೋಕಾಗಲ್ಲ.

ಮೊದ್ಲು ಸ್ಟೀಮ್ ತಗೋ. ಮನೆ ಕುಕ್ಕರ್ ಇದ್ದಂಗೆ, ಆದ್ರೆ ಮನೆ ಕುಕ್ಕರ್ 120 ಡಿಗ್ರಿ ಹತ್ರ ನಿಲ್ಲುತ್ತೆ, ಇಲ್ಲಿ 180ರಿಂದ 220 ಡಿಗ್ರಿ, ಗಾಳಿ ಒತ್ತಡದ ಹತ್ತಿಪ್ಪತ್ತು ಪಟ್ಟು ಒತ್ತಡ, ಕೆಲವೇ ನಿಮಿಷ, ಆಮೇಲೆ ನಿಧಾನಕ್ಕೆ ಇಳಿಸೋ ಬದ್ಲು ವಾಲ್ವನ್ನ ಒಂದೇ ಸಲ ತೆಗೆದುಬಿಡ್ತಾರೆ. ನಾರಿನ ಒಳಗಿದ್ದ ನೀರು ಆ ಕ್ಷಣದಲ್ಲೇ ಆವಿಯಾಗಿ ಸಿಡಿಯುತ್ತೆ, ದಂಟು ಚೂರುಚೂರಾಗಿ ಕಂದು ಬಣ್ಣದ ಒದ್ದೆ ಹೊಟ್ಟಾಗಿ ಹೊರಗೆ ಬೀಳುತ್ತೆ. ಇದನ್ನ 1920ರ ದಶಕದಲ್ಲೇ ವಿಲಿಯಂ ಮೇಸನ್ ಅನ್ನೋರು ಅಮೆರಿಕದಲ್ಲಿ ಹಾರ್ಡ್‌ಬೋರ್ಡ್ ಮಾಡೋಕೆ ಬಳಸ್ತಿದ್ರು. ಕೆಮಿಕಲ್ ಬೇಡ ಅನ್ನೋದು ಇದರ ದೊಡ್ಡ ಅನುಕೂಲ.

ಸ್ಟೀಮ್ ಜೊತೆ ನೂರಕ್ಕೆ ಒಂದು ಎರಡು ಭಾಗ ಸಲ್ಫ್ಯೂರಿಕ್ ಆಸಿಡ್ ಸೇರಿಸಿದ್ರೆ ಹೆಮಿಸೆಲ್ಯುಲೋಸ್ ಚೆನ್ನಾಗಿ ಕರಗಿ ಕ್ಸೈಲೋಸ್ ಸಕ್ಕರೆಯಾಗಿ ನೀರಿಗೆ ಬರುತ್ತೆ, ಎಂಜೈಮಿಗೆ ದಾರಿ ಬಿಡುತ್ತೆ. ಆದ್ರೆ ಶಾಖ ಸ್ವಲ್ಪ ಜಾಸ್ತಿ ಆಯ್ತೋ, ಟೈಮ್ ಎರಡು ನಿಮಿಷ ಮೀರ್ತೋ, ಅದೇ ಕ್ಸೈಲೋಸ್ ಮುರಿದು ಫರ್ಫ್ಯೂರಲ್ ಆಗುತ್ತೆ, ಗ್ಲೂಕೋಸು ಎಚ್‌ಎಂಎಫ್ ಅನ್ನೋ ಅದೇ ಜಾತಿಯ ಪದಾರ್ಥ ಆಗುತ್ತೆ, ಹೆಮಿಸೆಲ್ಯುಲೋಸಿಂದ ಅಸಿಟಿಕ್ ಆಸಿಡ್ ಬಿಡುಗಡೆ ಆಗುತ್ತೆ, ಲಿಗ್ನಿನ್ನಿಂದ ಫೀನಾಲ್ ಜಾತಿಯ ಪದಾರ್ಥಗಳು. ಇವೆಲ್ಲ ಯೀಸ್ಟಿಗೆ ವಿಷ. ಸಕ್ಕರೇನೂ ಹೋಯ್ತು, ಉಳಿದ ಸಕ್ಕರೆ ತಿನ್ನೋ ಯೀಸ್ಟೂ ಮಲಗ್ತು. ನನ್ನ ಕೇಳಿದ್ರೆ ನಿನ್ನ ಪ್ರಾಜೆಕ್ಟಲ್ಲಿ ಎಷ್ಟು ಸಕ್ಕರೆ ಬಂತು ಅನ್ನೋದರ ಜೊತೆಗೆ ಎಷ್ಟು ಫರ್ಫ್ಯೂರಲ್ ಬಂತು ಅನ್ನೋದನ್ನೂ ಅಳೀಲೇಬೇಕು, ಎಷ್ಟೋ ರಿಪೋರ್ಟ್‌ಗಳಲ್ಲಿ ಅದು ಇರೋದೇ ಇಲ್ಲ. ಇನ್ನೊಂದು ಮಜಾ ಇದೆ. ಅಸ್ಸಾಂನ ನುಮಲಿಗಢದಲ್ಲಿ 2025ರ ಸೆಪ್ಟೆಂಬರಲ್ಲಿ ಉದ್ಘಾಟನೆ ಆದ ಬಿದಿರಿನ ಘಟಕ ಇದೆಯಲ್ಲ, ಅಲ್ಲಿ ಈ ಫರ್ಫ್ಯೂರಲ್, ಅಸಿಟಿಕ್ ಆಸಿಡ್ಡನ್ನ ಬೇರೆ ತೆಗೆದು ಮಾರೋ ಮಾಲನ್ನಾಗಿ ಮಾಡೋ ಥರಾನೇ ಪ್ಲಾನ್ ಮಾಡಿದಾರೆ. ಎಥನಾಲ್ ಒಂದನ್ನೇ ನಂಬ್ಕೊಂಡು ಕೂರದೆ ಇರೋದು ನನಗೆ ಬಹಳ ಸರಿ ಅನ್ಸುತ್ತೆ.

ಕಾಸ್ಟಿಕ್ ಸೋಡಾದ ಸ್ವಭಾವ ಉಲ್ಟಾ. ಅದು ಲಿಗ್ನಿನ್ನನ್ನೇ ಕರಗಿಸುತ್ತೆ, ಶಾಖ ಕಮ್ಮಿ ಸಾಕು, ಯೀಸ್ಟಿಗೆ ಆಗದ ಆ ಫರ್ಫ್ಯೂರಲ್ ಕಾಟ ಇಲ್ಲ. ದಾಂಡೇಲಿಲಿ ಕಾಗದದ ಪಲ್ಪ್ ಮಾಡೋವಾಗ ಮರದ ಲಿಗ್ನಿನ್ ತೆಗೆಯೋದೂ ಮೂಲದಲ್ಲಿ ಇದೇ ಕೆಲಸ, ಅಲ್ಲಿ ಇನ್ನೂ ಜೋರಾಗಿ ಮಾಡ್ತಾರೆ ಅಷ್ಟೆ. ಕಷ್ಟ ಇರೋದು ಕಾಸ್ಟಿಕ್ಕಿನ ರೇಟು, ಆಮೇಲೆ ಉಳಿಯೋ ಕಪ್ಪು ನೀರು. ಕಾಗದದ ಮಿಲ್ಲಲ್ಲಿ ಆ ಕಪ್ಪು ನೀರನ್ನ ಗಟ್ಟಿ ಮಾಡಿ ಬಾಯ್ಲರಲ್ಲಿ ಸುಟ್ಟು ಕೆಮಿಕಲ್ ವಾಪಸ್ ತೆಗೀತಾರೆ. ಭತ್ತದ ಹುಲ್ಲಿನ ಕಪ್ಪು ನೀರಲ್ಲಿ ಸಿಲಿಕ (ಮರಳಲ್ಲಿರೋ ಪದಾರ್ಥಾನೇ) ಕೂಡ ಕರಗಿರೋದ್ರಿಂದ ಪೈಪು, ಬಾಯ್ಲರ್ ಎಲ್ಲ ಗಸಿ ಕಟ್ಟುತ್ತೆ. ಭತ್ತದ ಗರಿಯ ಅಂಚಿನ ಮೇಲೆ ಬೆರಳು ಉಲ್ಟಾ ಎಳೆದು ನೋಡು, ಕೊಯ್ದಂಗೆ ಆಗುತ್ತಲ್ಲ, ಆ ಗರಗಸದಂಥ ಅಂಚಲ್ಲಿ ಈ ಸಿಲಿಕಾನೇ ತುಂಬಿರೋದು.

ಅಮೋನಿಯ ಒಳ್ಳೇದು, ವಾಪಸ್ ಹಿಡಿದು ಮತ್ತೆ ಬಳಸ್ಬೋದು, ಆದ್ರೆ ಹಿಡಿಯೋ ಸಲಕರಣೆಗೇ ದುಡ್ಡು ಜಾಸ್ತಿ. ಲ್ಯಾಬಲ್ಲಿ ಕಾಲೇಜು ಮಟ್ಟಕ್ಕೆ ಮಾಡೋದಾದ್ರೆ ಮೆಕ್ಕೆಜೋಳದ ದಂಟು, ಹತ್ತಿ ಕಟ್ಟಿಗೆ ಎರಡನ್ನೂ ತಗೊಂಡು, ನೂರಕ್ಕೆ ಎರಡು ಭಾಗ ಕಾಸ್ಟಿಕ್ಕಲ್ಲಿ ಆಟೋಕ್ಲೇವ್ (ಲ್ಯಾಬಿನ ಪ್ರೆಷರ್ ಕುಕ್ಕರ್) ಮಾಡಿ, ಅದನ್ನೇ ಆಸಿಡ್ ಜೊತೆ ಹೋಲಿಸಿ ನೋಡು. ಎರಡೂ ಕಸ ಬೇರೆ ಬೇರೆ ಥರ ನಡ್ಕೊಳೋದು ಕಣ್ಣಿಗೇ ಕಾಣುತ್ತೆ. ಗ್ಲೌಸ್, ಕನ್ನಡಕ ಹಾಕದೆ ಮಾತ್ರ ಮುಟ್ಬೇಡ.

ಪ್ರಶ್ನೆ: ನಮ್ಮಲ್ಲಿ ಮೆಷಿನ್ ಕಟಾವು ಆದ ಮೇಲೆ ಹುಲ್ಲೆಲ್ಲ ಗದ್ದೆ ತುಂಬ ಹರಡಿ ಬಿದ್ದಿರುತ್ತೆ, ಎರಡನೇ ಬೆಳೆಗೆ ಟೈಮ್ ಇಲ್ಲ ಅಂತ ಬೆಂಕಿ ಇಡ್ತೀವಿ, ಮನಸ್ಸಿಗೂ ಸರಿ ಅನ್ಸಲ್ಲ. ಆಸಿಡ್ಡೋ ಕಾಸ್ಟಿಕ್ಕೋ ತಂದು ನಾವೇ ಮನೆ ಮಟ್ಟಕ್ಕೆ ಎಥನಾಲ್ ಮಾಡ್ಕೊಂಡು ಪಂಪ್‌ಸೆಟ್ಟಿಗೆ ಹಾಕ್ಬೋದಾ? (ಸಿಂಧನೂರು ಕಡೆಯ ರೈತರು)

ಉತ್ತರ: ಬೇಡ ಅಣ್ಣಾವ್ರೇ, ದಯವಿಟ್ಟು ಆ ಕೆಲಸಕ್ಕೆ ಕೈ ಹಾಕ್ಬೇಡಿ. ಲೈಸೆನ್ಸ್ ಇಲ್ದೆ ಆಲ್ಕೋಹಾಲ್ ಬಟ್ಟಿ ಇಳಿಸೋದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಇಂಧನಕ್ಕೆ ಅಂದ್ರೂ ಬಿಡಲ್ಲ. ಅದಕ್ಕಿಂತ ಮುಖ್ಯ, 180 ಡಿಗ್ರಿ ಶಾಖದಲ್ಲಿ, ಒತ್ತಡದಲ್ಲಿ ಆಸಿಡ್ ಕುದಿಸೋಕೆ ಆಸಿಡ್ ತಿನ್ನದ ಲೋಹದ ಪಾತ್ರೆ ಬೇಕು, ಡ್ರಮ್ಮಲ್ಲಿ ಮಾಡಿದ್ರೆ ಜೀವ ಹೋಗುತ್ತೆ.

ಆದ್ರೆ ಹುಲ್ಲು ಹದ ಮಾಡೋ ವಿದ್ಯೆ ರೈತರ ಕೈಲಿ ಆಗ್ಲೇ ಇದೆ, ಅದನ್ನ ಯಾರೂ ಇಂಧನದ ಜೊತೆ ಸೇರಿಸಿ ಹೇಳಲ್ಲ ಅನ್ನೋದು ನನಗೆ ಬೇಜಾರು. ಡೈರಿಯೋರು, ಪಶು ವೈದ್ಯರು ಹೇಳಿಕೊಡೋ ಯೂರಿಯಾ ಹುಲ್ಲು ನೋಡಿರ್ತೀರ. 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾ, 50-60 ಲೀಟರ್ ನೀರಲ್ಲಿ ಕರಗಿಸಿ, ಹುಲ್ಲನ್ನ ಪದರ ಪದರವಾಗಿ ಹಾಸಿ ಚಿಮುಕಿಸಿ, ತುಳಿದು ಗಟ್ಟಿ ಮಾಡಿ, ಟಾರ್ಪಾಲು ಮುಚ್ಚಿ ಗಾಳಿ ಆಡದಂಗೆ 21 ದಿನ ಬಿಡೋದು. ಒಳಗೆ ಯೂರಿಯಾ ಒಡೆದು ಅಮೋನಿಯ ಆಗುತ್ತೆ, ಆ ಅಮೋನಿಯ ಲಿಗ್ನಿನ್ನಿಗೂ ಹೆಮಿಸೆಲ್ಯುಲೋಸಿಗೂ ಇರೋ ಕೊಂಡಿ ಬಿಡಿಸುತ್ತೆ. ದೊಡ್ಡ ಫ್ಯಾಕ್ಟರೀಲಿ ಕೋಟಿಗಟ್ಟಲೆ ಮೆಷಿನ್ ಇಟ್ಟು ಅಮೋನಿಯಾದಿಂದ ಮಾಡೋ ಕೆಲಸಾನೇ ಇದು, ಇಲ್ಲಿ ಶಾಖದ ಬದ್ಲು ದಿನಗಳು ಮಾಡ್ತವೆ. ಟಾರ್ಪಾಲು ತೆಗೆದಾಗ ಮೂಗಿಗೆ ಘಾಟು ಹೊಡೆದು ಕಣ್ಣಲ್ಲಿ ನೀರು ಬರುತ್ತೆ, ತಿಳಿ ಹಳದಿ ಇದ್ದ ಹುಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತೆ, ಕೈಲಿ ಹಿಂಡಿದ್ರೆ ಮುರಿಯೋ ಬದ್ಲು ಮೆತ್ತಗೆ ಬಾಗುತ್ತೆ. ಹದ ಆಯ್ತು ಅಂತ ಗುರುತು ಅದೇ. ಸ್ವಲ್ಪ ಹೊತ್ತು ಹರಡಿ ಘಾಟು ಹೋದ್ಮೇಲೆ ದನಕ್ಕೆ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ, 6 ತಿಂಗಳೊಳಗಿನ ಕರುಗೆ ಕೊಡ್ಬೇಡಿ, ಯೂರಿಯಾ ಕರಗಿಸಿದ ನೀರಿನ ಬಕೆಟ್ಟಿಗೆ ದನ ಬಾಯಿ ಹಾಕದಂಗೆ ನೋಡ್ಕೊಳಿ, ಅದು ಸಾಯಿಸುತ್ತೆ.

ಇಂಧನಾನೇ ಬೇಕು ಅಂದ್ರೆ ನಿಮಗೆ ದಾರಿ ಗೋಬರ್ ಗ್ಯಾಸು. ಒಣ ಹುಲ್ಲನ್ನ ನೇರ ಗುಂಡಿಗೆ ತಳ್ಳಿದ್ರೆ ಅದು ತೇಲಿ ಮೇಲೆ ದಪ್ಪ ಗಟ್ಟಿ ಪದರ ಕಟ್ಟಿ ಗ್ಯಾಸ್ ನಿಂತೇ ಹೋಗುತ್ತೆ, ಎಷ್ಟೋ ಮನೆಗಳಲ್ಲಿ ಗ್ಯಾಸ್ ಗುಂಡಿ ಹಾಳಾಗಿರೋದು ಹಿಂಗೇ. ಮೇವು ಕತ್ತರಿಸೋ ಮೆಷಿನಲ್ಲಿ ಒಂದಿಂಚಿಗೆ ಕತ್ತರಿಸಿ, ಗುಂಡಿಯಿಂದ ಹೊರಗೆ ಬರೋ ಹಳೇ ಬಗ್ಗಡದಲ್ಲೇ ಐದಾರು ದಿನ ನೆನೆ ಹಾಕಿ, ಆಗ ಸೂಕ್ಷ್ಮಜೀವಿಗಳು ಆಗ್ಲೇ ಹೆಮಿಸೆಲ್ಯುಲೋಸ್ ತಿನ್ನೋಕೆ ಶುರು ಮಾಡಿರ್ತವೆ, ಹುಲ್ಲು ನೀರು ಕುಡಿದು ಭಾರ ಆಗಿ ಮುಳುಗುತ್ತೆ. ಆಮೇಲೆ ಸಗಣಿ ಜೊತೆ ಕಲಸಿ ಬಿಡಿ, ಶುರುವಲ್ಲಿ ಬುಟ್ಟಿ ಸಗಣಿಗೆ ಒಂದೆರಡು ಬೊಗಸೆ ಅಷ್ಟೇ. ಭತ್ತದ ಹುಲ್ಲಲ್ಲಿ ಇಂಗಾಲ ಬಹಳ ಜಾಸ್ತಿ, ಸಾರಜನಕ ಕಮ್ಮಿ, ಅದಕ್ಕೆ ಸಗಣಿ, ಗಂಜಲ ಸೇರಲೇಬೇಕು. ಗುಂಡಿ ಕ್ಲೀನ್ ಮಾಡೋಕೆ ಅಂತ ಯಾರೂ ಒಳಗೆ ಇಳೀಬಾರ್ದು, ಒಳಗಿರೋ ಗ್ಯಾಸಿಗೆ ಉಸಿರು ಕಟ್ಟಿ ಒಬ್ಬರನ್ನ ಉಳಿಸೋಕೆ ಹೋದ ಇನ್ನೊಬ್ಬರೂ ಸತ್ತಿರೋದು ಪೇಪರಲ್ಲಿ ಓದ್ತಾನೇ ಇರ್ತೀವಿ.

ಪ್ರಶ್ನೆ: ಅಡಿಕೆ ಸಿಪ್ಪೆಗೂ ಇದೇ ಮಾಡ್ಬೋದಾ? (ಶಿರಸಿ)

ಉತ್ತರ: ಗ್ಯಾಸಿಗೆ ಹಾಕ್ಬೇಡಿ, ನಾರು ಗಟ್ಟಿ, ಲಿಗ್ನಿನ್ ಜಾಸ್ತಿ, ತಿಂಗಳುಗಟ್ಟಲೆ ಹಂಗೇ ಇರುತ್ತೆ. ಸಗಣಿ ಬಗ್ಗಡ ಹಾಕಿ ತೇವ ಆರದಂಗೆ ನೋಡ್ಕೊಂಡು ಗೊಬ್ಬರ ಮಾಡಿ ತೋಟಕ್ಕೇ ವಾಪಸ್ ಕೊಡಿ.

ಪ್ರಶ್ನೆ: ಅಣಬೆ ಬೆಳೆದು ಉಳಿದ ಹುಲ್ಲು ಗ್ಯಾಸಿಗೆ ಒಳ್ಳೇದು ಅಂತ ಕೇಳಿದೀನಿ, ನಿಜಾನಾ? (ಮಂಡ್ಯದ ಗೃಹಿಣಿ)

ಉತ್ತರ: ನಿಜ ಅಕ್ಕ. ಚಿಪ್ಪು ಅಣಬೆ ಜಾತಿಯ ಶಿಲೀಂಧ್ರಗಳು ಲಿಗ್ನಿನ್ನನ್ನ ಒಡೆಯೋ ಕೆಲವೇ ಜೀವಿಗಳಲ್ಲಿ ಸೇರಿದ್ದು, ನೀವು ಅಣಬೆ ಕಿತ್ತು ಮಾರೋಷ್ಟರಲ್ಲಿ ಹುಲ್ಲು ಹದ ಆಗಿರುತ್ತೆ. ಅಣಬೆ ತನ್ನ ಪಾಲಿಗೆ ಸ್ವಲ್ಪ ಸೆಲ್ಯುಲೋಸನ್ನೂ ತಿಂದಿರುತ್ತೆ, ಟೈಮೂ ವಾರಗಟ್ಟಲೆ ಹಿಡಿಯುತ್ತೆ, ಅದಕ್ಕೇ ಫ್ಯಾಕ್ಟರಿಗಳಿಗೆ ಇದು ಒಗ್ಗಿಲ್ಲ. ನಿಮಗೆ ಅಣಬೆ ದುಡ್ಡು ಆಗ್ಲೇ ಬಂದಿರೋದ್ರಿಂದ ಲಾಸ್ ಏನಿಲ್ಲ, ಬ್ಯಾಗಿನ ಪ್ಲಾಸ್ಟಿಕ್ ಪೂರ್ತಿ ತೆಗೆದು ಪುಡಿ ಮಾಡಿ ಹಾಕಿ.

ಪ್ರಶ್ನೆ: ನಾನಿರೋದು ಅಮೆರಿಕದ ಅಯೋವಾದಲ್ಲಿ, ಊರು ಹಾವೇರಿ. ಇಲ್ಲಿ ನೆವಾಡ ಅನ್ನೋ ಊರಲ್ಲಿ ಮೆಕ್ಕೆಜೋಳದ ದಂಟಿಂದ ಎಥನಾಲ್ ಮಾಡೋ ದೊಡ್ಡ ಫ್ಯಾಕ್ಟರಿ ಶುರುವಾಗಿ ಎರಡೇ ವರ್ಷಕ್ಕೆ ಮುಚ್ಚಿತು. ಅಲ್ಲೇ ಆಗದೇ ಇದ್ದಿದ್ದು ನಮ್ಮ ದೇಶದಲ್ಲಿ ಆಗುತ್ತಾ?

ಉತ್ತರ: ನೀವು ಹೇಳ್ತಿರೋದು ಡ್ಯುಪಾಂಟ್ ಕಂಪನಿದು. 2015ರಲ್ಲಿ ತೆರೆದು 2017ರಲ್ಲಿ ಮುಚ್ಚಿದ್ರು, ಅವರ ದಾರಿ ಅಮೋನಿಯ. ಅದೊಂದೇ ಅಲ್ಲ, ಕಾನ್ಸಾಸ್‌ನ ಹ್ಯೂಗೋಟನ್ನಲ್ಲಿ ಅಬೆಂಗೋವ 2014ರಲ್ಲಿ ಶುರು ಮಾಡಿ ಮರುವರ್ಷವೇ ನಿಲ್ಲಿಸ್ತು, ಇಟಲಿಯ ಕ್ರೆಶೆಂಟಿನೊದಲ್ಲಿ ಸ್ಟೀಮ್ ದಾರಿಯ ಘಟಕ 2013ರಲ್ಲಿ ಬಂದು 2017ರಲ್ಲಿ ನಿಂತು ಆಮೇಲೆ ಬೇರೆಯವರ ಕೈಗೆ ಹೋಯ್ತು, ರೊಮೇನಿಯಾದ ಪೊಡಾರಿಲಿ ಕ್ಲಾರಿಯಂಟ್ ಕಟ್ಟಿದ್ದನ್ನ 2023ರ ಕೊನೇಲಿ ಮುಚ್ತೀವಿ ಅಂದ್ರು. ಒಂದೊಂದರ ಕಾರಣ ಬೇರೆ, ಕೆಲವು ಕಡೆ ಕಂಪನಿಯ ಸಾಲ, ಕೆಲವು ಕಡೆ ಮಾಲೀಕರು ಬದಲಾಗಿದ್ದು. ಆದ್ರೆ ಈ ರಂಗದಲ್ಲಿ ಎಲ್ಲರಿಗೂ ಕಾಡಿರೋ ಒಂದು ತಲೆನೋವು ಇದೆ, ಅದು ರಸಾಯನಶಾಸ್ತ್ರದ್ದಲ್ಲ. ಹಗುರಾದ ಹುಲ್ಲನ್ನ ಒತ್ತಡದ ಪಾತ್ರೆಯೊಳಗೆ ಒಂದೇ ಸಮ ತುಂಬೋದೇ ಕಷ್ಟ. ಹೊಲದಿಂದ ಬಂದ ಪೆಂಡಿಲಿ ಮಣ್ಣು, ಕಲ್ಲು, ತಂತಿ ಇರುತ್ತೆ, ತುಂಬೋ ಸ್ಕ್ರೂ ಸವೆಯುತ್ತೆ, ಸಿಕ್ಕಾಕೊಳುತ್ತೆ, ಒಂದು ಕಡೆ ನಿಂತ್ರೆ ಇಡೀ ಫ್ಯಾಕ್ಟರಿ ನಿಂತಂಗೆ. ಲ್ಯಾಬಲ್ಲಿ ತೊಳೆದು ಒಣಗಿಸಿದ ಪುಡಿ ಹಾಕೋವಾಗ ಇದ್ಯಾವುದೂ ಕಾಣಲ್ಲ.

ಬ್ರೆಜಿಲ್ಲಿನ ರೈಜೆನ್ ಕಂಪನಿ ಕಬ್ಬಿನ ಸಿಪ್ಪೆಯಿಂದ ಮಾಡ್ತಾ ಹತ್ತು ವರ್ಷ ಎಳೆದಿದೆ, ಅವರಿಗೆ ಸಿಪ್ಪೆ ಗಿರಣಿ ಬಾಗಿಲಲ್ಲೇ ರಾಶಿ ಬೀಳುತ್ತೆ, ಅರೆದು ರಸ ಹಿಂಡಿದ ಮೇಲೆ ಸಿಗೋದು, ಒಟ್ಟು ಮಾಡೋ ಖರ್ಚಿಲ್ಲ. ನಮ್ಮ ಸಕ್ಕರೆ ಫ್ಯಾಕ್ಟರಿಗಳು ಆ ಸಿಪ್ಪೇನ ಸುಟ್ಟು ಕರೆಂಟು ಮಾಡ್ಕೊಳ್ತವೆ, ಹಂಗಾಗಿ ಬೆಳಗಾವಿ ಬಾಗಲಕೋಟೆ ಕಡೆ ಉಳಿಯೋದು ಹೊಲದಲ್ಲಿ ಬಿದ್ದ ರವದಿ. ಇನ್ನು ನಿಮ್ಮ ನೆವಾಡದ ಫ್ಯಾಕ್ಟರೀನ 2018ರಲ್ಲಿ ಕೊಂಡ್ಕೊಂಡ ಜರ್ಮನಿಯ ವರ್ಬಿಯೊ ಎಥನಾಲ್ ಬಿಟ್ಟು ದಂಟಿಂದ ಗ್ಯಾಸ್ ಮಾಡೋಕೆ ಹೊರಟ್ರು, ಅದೇ ಕಂಪನಿ ಪಂಜಾಬಿನ ಸಂಗ್ರೂರ್ ಜಿಲ್ಲೆಯ ಲೆಹ್ರಾಗಾಗದಲ್ಲಿ ಭತ್ತದ ಹುಲ್ಲಿಂದ ದಿನಕ್ಕೆ 33 ಟನ್ ಗ್ಯಾಸಿನ ಘಟಕ ಕಟ್ಟಿ 2022ರ ಅಕ್ಟೋಬರಲ್ಲಿ ಉದ್ಘಾಟನೆ ಮಾಡ್ತು. ಗ್ಯಾಸ್ ದಾರೀಲಿ ಹದ ಮಾಡೋ ಕೆಲಸ ಹಗುರ, ಸಕ್ಕರೆ ಚೊಕ್ಕಟವಾಗಿ ಬೇರೆ ಆಗ್ಬೇಕಿಲ್ಲ, ಕ್ಸೈಲೋಸೂ ಅಸಿಟಿಕ್ ಆಸಿಡ್ಡೂ ವ್ಯರ್ಥ ಆಗಲ್ಲ, ಅವೂ ಗ್ಯಾಸೇ ಆಗ್ತವೆ, ಉಳಿದ ಬಗ್ಗಡ ಗದ್ದೆಗೆ ಗೊಬ್ಬರ. ನಮ್ಮ ತುಂಗಭದ್ರಾ ಎಡದಂಡೆಯ ಹುಲ್ಲಿಗೆ ಎಥನಾಲಿಗಿಂತ ಇದು ಮೊದ್ಲು ಬರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ನಮ್ಮ ರೈತ ಉತ್ಪಾದಕ ಕಂಪನಿಯಿಂದ ಬೇಲರ್ ತಗೊಂಡು ದಂಟು ಕಟ್ಟಿ ಮಾರೋ ಆಲೋಚನೆ ಇದೆ. ಏನು ನೋಡ್ಕೋಬೇಕು? (ಹಾನಗಲ್)

ಉತ್ತರ: ತೇವ ನೂರಕ್ಕೆ 15ರ ಒಳಗೆ ಬಂದ ಮೇಲೇ ಬೇಲ್ ಕಟ್ಟಿ. ಒದ್ದೆ ಇದ್ದಾಗ ಕಟ್ಟಿ ಒಟ್ಟಿದ್ರೆ ಒಳಗೊಳಗೇ ಬೂಸ್ಟು ಬಂದು ಬಿಸಿಯಾಗಿ ಬಣವೆಗೆ ತಾನಾಗೇ ಬೆಂಕಿ ಹತ್ತೋದುಂಟು. ಕುಂಟೆ ಹೊಡೆದು ಗುಡ್ಡೆ ಮಾಡೋವಾಗ ಹಲ್ಲು ನೆಲ ಕೆರೀದಂಗೆ ಸ್ವಲ್ಪ ಎತ್ತಿ ಇಡ್ಸಿ, ಮಣ್ಣು ಬಂದ್ರೆ ಲಾರಿ ವಾಪಸ್ ಕಳಿಸ್ತಾರೆ. ಹೊಲ ಪೂರ್ತಿ ಬರಿದು ಮಾಡ್ಬೇಡಿ, ಬುಡದ ಕೂಳೆ, ಅದರ ಜೊತೆ ಒಂದು ಪಾಲು ದಂಟು ಅಲ್ಲೇ ಇರ್ಲಿ, ಬೆಳೆ ಹೀರಿದ ಪೊಟ್ಯಾಷ್‌ನಲ್ಲಿ ಹೆಚ್ಚಿನ ಪಾಲು ಕಾಳಿಗೆ ಹೋಗಲ್ಲ, ದಂಟಲ್ಲೇ ಉಳಿದಿರುತ್ತೆ, ಎಲ್ಲಾ ಮಾರಿದ್ರೆ ಮುಂದಿನ ವರ್ಷ ಅದನ್ನ ಚೀಲದಲ್ಲಿ ದುಡ್ಡು ಕೊಟ್ಟು ತರ್ಬೇಕಾಗುತ್ತೆ. ಕೊಳ್ಳೋರ ಜೊತೆ ಮಾತಾಡೋವಾಗ ರೇಟು ಒಣ ತೂಕಕ್ಕಾ ಬಂದ ತೂಕಕ್ಕಾ, ತೇವ ಯಾರ ಮೀಟರಲ್ಲಿ ನೋಡ್ತಾರೆ, ಸಾಗಾಣಿಕೆ ಯಾರದು, ಲಾರಿ ವಾಪಸ್ ಬಂದ್ರೆ ಬಾಡಿಗೆ ಯಾರು ಕೊಡ್ಬೇಕು, ಈ ನಾಲ್ಕೂ ಕಾಗದದ ಮೇಲೆ ಬರೆಸ್ಕೊಳಿ, ಬೇಲರ್ ಸಾಲಕ್ಕೆ ಸಹಿ ಹಾಕೋದು ಅದಾದ ಮೇಲೆ.